ಮಳೆಗೆ ಮೊದಲು ಪಾಲಿಸಿಯನ್ನು ಬಿಚ್ಚಿ ಓದಿ

ಮಾನ್ಯ ಸಂಪಾದಕರೇ,

ಮುಂಗಾರು ಕಾಲಿಡುವ ಮುನ್ನ ಚರಂಡಿ ಬಿಡಿಸುವುದು, ಒಡೆದ ಹೆಂಚು ಬದಲಿಸುವುದು, ಸೌದೆ ಒಳಗಿಡುವುದು ಕೊಡಗಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ಕೆಲಸಗಳಲ್ಲ. ಅಂಗಡಿ, ಹೋಂಸ್ಟೇ, ಕಾಫಿ ಗೋದಾಮು, ಬೇಕರಿ, ವರ್ಕ್‌ಶಾಪ್ ನಡೆಸುವವರು ಇದರ ಜೊತೆಗೆ ಇನ್ನೊಂದು ಕೆಲಸ ಮಾಡಿಕೊಳ್ಳಬೇಕು. ಕಪಾಟಿನಲ್ಲಿರುವ ವಿಮಾ ಪಾಲಿಸಿಯನ್ನು ಹೊರತೆಗೆದು ಕೊನೆಯ ಪುಟದವರೆಗೂ ಓದಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಜರಿದದ್ದು, 2019ರಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗೆ ಕಾವೇರಿ ನುಗ್ಗಿದ್ದು ಎಲ್ಲರಿಗೂ ನೆನಪಿದೆ. ವಿಪತ್ತು ಪರಿಹಾರದ ಸರ್ಕಾರಿ ಮಾನದಂಡಗಳು ಮುಖ್ಯವಾಗಿ ಪ್ರಾಣಹಾನಿ, ಮನೆ, ಬೆಳೆ, ಜಾನುವಾರುಗಳನ್ನು ನೋಡುತ್ತವೆ. ಅಂಗಡಿಯೊಳಗಿನ ಸರಕು, ಯಂತ್ರ, ಫರ್ನಿಚರ್ ಹೋದರೆ ಮತ್ತೆ ಎದ್ದು ನಿಲ್ಲಲು ವ್ಯಾಪಾರಿಗೆ ಆಸರೆಯಾಗುವುದು ವಿಮೆಯೇ.

ವಿಮೆ ಮಾಡಿಸದವರಿಗಿಂತ, ವಿಮೆ ಇದೆ ಎಂದು ನಂಬಿ ನಿಶ್ಚಿಂತರಾದವರ ಕಷ್ಟ ದೊಡ್ಡದು. ಸಾಲ ತೆಗೆದುಕೊಂಡಾಗ ಬ್ಯಾಂಕ್ ಪಾಲಿಸಿ ಮಾಡಿಸುತ್ತದೆ, ವರ್ಷವರ್ಷ ಖಾತೆಯಿಂದ ಪ್ರೀಮಿಯಂ ಕಡಿತವಾಗುತ್ತದೆ, ಪಾಲಿಸಿಯ ಪ್ರತಿ ಮಾತ್ರ ವ್ಯಾಪಾರಿಯ ಕೈಗೆ ಬರುವುದೇ ಇಲ್ಲ. ಆ ಪಾಲಿಸಿ ಬ್ಯಾಂಕಿನ ಸಾಲವನ್ನು ಕಾಯಲು ಮಾಡಿದ್ದು. ಸಾಲ 8 ಲಕ್ಷ ಇದ್ದರೆ ವಿಮಾ ಮೊತ್ತವೂ 8 ಲಕ್ಷ, ಅಂಗಡಿಯಲ್ಲಿ 20 ಲಕ್ಷದ ಸರಕಿದ್ದರೂ ಸರಿ. ಸರಕಿಗೆ ಸಾಲ ಕೊಟ್ಟಿದ್ದರೆ ಸರಕಿಗೆ ಮಾತ್ರ ವಿಮೆ, ಕಟ್ಟಡಕ್ಕಿಲ್ಲ. ಇದಕ್ಕಿಂತ ಅಪಾಯದ ತಪ್ಪು ವಿಳಾಸದ್ದು. ಸರಕು ಸಿದ್ದಾಪುರದ ಗೋದಾಮಿನಲ್ಲಿರುತ್ತದೆ, ಪಾಲಿಸಿಯಲ್ಲಿ ಮಾಲೀಕರ ಮನೆಯ ವಿಳಾಸವೋ ಪೇಟೆಯ ಅಂಗಡಿಯ ವಿಳಾಸವೋ ಇರುತ್ತದೆ. ವಿಮೆ ಇರುವುದು ಪಾಲಿಸಿಯಲ್ಲಿ ಬರೆದ ಜಾಗದಲ್ಲಿರುವ ಆಸ್ತಿಗೆ. ಆದ್ದರಿಂದ ಮೊದಲು ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟು ಪಾಲಿಸಿಯ ಪೂರ್ತಿ ಪ್ರತಿ ತೆಗೆದುಕೊಳ್ಳಿ. ವಿಳಾಸ, ಮೊತ್ತಗಳ ಪಟ್ಟಿಯಾದ ಒಂದು ಪುಟದ ಷೆಡ್ಯೂಲ್ ಸಾಲದು, ಷರತ್ತುಗಳ ಪುಸ್ತಿಕೆಯೂ ಬೇಕು. ಸರ್ವೆ ನಂಬರ್ ಅಥವಾ ಕಟ್ಟಡ ಸಂಖ್ಯೆ, ಗ್ರಾಮ, ಪಿನ್‌ಕೋಡ್ ಸರಿಯಿವೆಯೇ, ನಿಮ್ಮ ವ್ಯಾಪಾರದ ಹೆಸರು ಜಿಎಸ್‌ಟಿ ನೋಂದಣಿಯಲ್ಲಿ ಇದ್ದಂತೆಯೇ ಇದೆಯೇ, ವ್ಯಾಪಾರದ ಸ್ವರೂಪವನ್ನು ಏನೆಂದು ಬರೆದಿದ್ದಾರೆ, ಇಷ್ಟನ್ನು ನೋಡಿ. ತಪ್ಪಿದ್ದರೆ ಕಂಪನಿಗೆ ಇಮೇಲ್ ಬರೆದು ಪಾಲಿಸಿಗೆ ಲಿಖಿತ ತಿದ್ದುಪಡಿ, ಅಂದರೆ ಎಂಡಾರ್ಸ್‌ಮೆಂಟ್ ಮಾಡಿಸಿ. ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ.

ಒಂದು ಜಾಗದಲ್ಲಿ ಕಟ್ಟಡ, ಯಂತ್ರ, ಸರಕು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗಿನ ಮೌಲ್ಯವಿರುವ ವ್ಯಾಪಾರಕ್ಕೆ 2021ರ ಏಪ್ರಿಲ್ 1ರಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಇದೆ. 5 ಕೋಟಿ ದಾಟಿ 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ವಿಮಾ ನಿಯಂತ್ರಣ ಪ್ರಾಧಿಕಾರವೇ ರೂಪಿಸಿದ್ದರಿಂದ ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು, ಗಲಭೆ, ಹೊರಗಿನ ವಸ್ತು ಬಡಿದು ಆಗುವ ಹಾನಿ ಎಲ್ಲವೂ ಇದರಲ್ಲಿ ಸೇರಿವೆ. ಮರ ಬಿದ್ದು ಚಾವಣಿ ಮುರಿದರೆ ಅದು ಈ ಕೊನೆಯ ವರ್ಗಕ್ಕೆ ಬರುತ್ತದೆ. ಸಿಲ್ವರ್ ಓಕ್ ಸಾಲಿನ ಕೆಳಗೆ ಶೆಡ್ ಕಟ್ಟಿಕೊಂಡವರಿಗೆ ಇದು ದೊಡ್ಡ ಆಸರೆ. ಆನೆ ಗೋಡೆ ಕೆಡವಿದರೆ ಏನು ಎಂಬುದನ್ನು ಮಾತ್ರ ಊಹೆಗೆ ಬಿಡದೆ ಕಂಪನಿಯಿಂದ ಮೊದಲೇ ಲಿಖಿತ ಉತ್ತರ ಪಡೆಯಬೇಕು.

ಭೂಕುಸಿತ ಸೇರಿದೆ ಎಂದೆನಲ್ಲ, ಕೊಡಗಿನವರು ಹೆಚ್ಚು ಗಮನ ಕೊಡಬೇಕಾದದ್ದು ಅಲ್ಲಿಯೇ. ಪಾಲಿಸಿ ಭೂಕುಸಿತವನ್ನು ಒಳಗೊಳ್ಳುತ್ತದೆ, ಆದರೆ ಅದೇ ಸಾಲಿನ ಎದುರಿಗೆ ಕೆಲವು ಕಾರಣಗಳನ್ನು ಹೊರಗಿಟ್ಟಿರುತ್ತದೆ. ಹೊಸ ಕಟ್ಟಡ ತನ್ನ ಭಾರಕ್ಕೆ ಕೂತು ಬರುವ ಬಿರುಕು, ಮಣ್ಣು ತುಂಬಿಸಿ ಮಾಡಿದ ನೆಲ ಜಗ್ಗುವುದು, ನದಿ ದಡ ಕೊರೆಯುವುದು, ವಿನ್ಯಾಸದ ಅಥವಾ ಕಾಮಗಾರಿಯ ದೋಷ, ಕಟ್ಟಡದ ದುರಸ್ತಿ, ನೆಲ ಅಗೆತ, ಇವುಗಳಿಂದಾದ ಹಾನಿಗೆ ಹಣ ಬರುವುದಿಲ್ಲ. ನಮ್ಮಲ್ಲಿ ಕಟ್ಟಡಗಳು ಏಳುವ ರೀತಿಯನ್ನು ಈ ಸಾಲಿನ ಪಕ್ಕದಲ್ಲಿಟ್ಟು ನೋಡಿ. ಇಳಿಜಾರನ್ನು ಜೆಸಿಬಿಯಿಂದ ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಸಮತಟ್ಟು ಮಾಡಿ, ಅರ್ಧ ಕಟ್ಟಡ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿಸಿದ ಮಣ್ಣಿನ ಮೇಲೆ ನಿಲ್ಲುತ್ತದೆ. ಹಿಂದೆ 20 ಅಡಿಯ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ. ಮಳೆಗೆ ಆ ಬರೆ ಕುಸಿದು ಅಡುಗೆಮನೆ ಹೋದರೆ, ನಷ್ಟದ ಅಂದಾಜಿಗೆ ವಿಮಾ ಕಂಪನಿ ಕಳಿಸುವ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ ಗುಡ್ಡ ತಾನಾಗಿ ಜರಿಯಿತೋ, ಕಡಿದದ್ದರಿಂದ ಜರಿಯಿತೋ ಎಂಬುದು.

ಉತ್ತರಕ್ಕೆ ಬೇಕಾದ ಕಾಗದಗಳನ್ನು ಮಳೆಗೆ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು. ಭೂಪರಿವರ್ತನೆ ಆದೇಶ, ಪಂಚಾಯಿತಿಯ ಅಥವಾ ಪುರಸಭೆಯ ಪರವಾನಗಿ ಹಾಗೂ ಮಂಜೂರಾದ ನಕ್ಷೆ, ತಡೆಗೋಡೆಗೆ ಎಂಜಿನಿಯರ್ ಸಹಿ ಮಾಡಿದ ವಿನ್ಯಾಸ, ಗೋಡೆಯಲ್ಲಿ ನೀರು ಹೊರಹೋಗಲು ಬಿಟ್ಟ ರಂಧ್ರಗಳು ಹಾಗೂ ಬರೆಯ ತಲೆಯಲ್ಲಿ ತೆಗೆದ ಕಾಲುವೆ ಕಾಣುವ ಫೋಟೊಗಳು, ಪ್ರತಿ ಮೇ ತಿಂಗಳಲ್ಲಿ ತೆಗೆದ ದಿನಾಂಕ ಸಹಿತ ವಿಡಿಯೊ. ಮಳೆಗಾಲದ ನಡುವೆ ಬರೆ ಕಡಿಸುವ ಕೆಲಸ ಹಮ್ಮಿಕೊಂಡರೆ ವಿಮೆಯನ್ನೂ ಕಳೆದುಕೊಂಡಂತೆಯೇ. ತಡೆಗೋಡೆ, ಕಾಂಪೌಂಡ್ ಗೋಡೆ, ಕಾಫಿ ಒಣಗಿಸುವ ಸಿಮೆಂಟ್ ಕಣ, ನೀರಿನ ಟ್ಯಾಂಕ್, ಸೋಲಾರ್ ಪ್ಯಾನಲ್ ಇವುಗಳನ್ನು ‘ಕಟ್ಟಡ’ ಎಂಬ ಒಂದೇ ಪದಕ್ಕೆ ಬಿಡಬೇಡಿ. ಷೆಡ್ಯೂಲ್‌ನಲ್ಲಿ ಒಂದೊಂದನ್ನೂ ಅದರ ಮೊತ್ತದೊಂದಿಗೆ ಬೇರೆ ಸಾಲಿನಲ್ಲಿ ಬರೆಸಿ. ತಡೆಗೋಡೆಯ ಖರ್ಚು ಕೆಲವೊಮ್ಮೆ ಅದರ ಮುಂದಿನ ಕಟ್ಟಡದಷ್ಟೇ ಇರುತ್ತದೆ.

ಪ್ರವಾಹಕ್ಕೂ ಸೋರಿಕೆಗೂ ವಿಮೆಯ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ಹೊಳೆ ಉಕ್ಕಿ ಕುಶಾಲನಗರದ ಬಡಾವಣೆಗೋ ಭಾಗಮಂಡಲದ ಪೇಟೆಗೋ ನೀರು ನುಗ್ಗಿದರೆ ಅದು ಪ್ರವಾಹ. ಹೆಂಚಿನ ಸಂದಿಯಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಟ್ಟಿಕ್ಕಿ ಮೂಟೆ ಹಾಳಾದರೆ, ಗೋಡೆ ಜಿನುಗಿ ಬಟ್ಟೆಗೆ ಬೂಷ್ಟು ಹಿಡಿದರೆ ಅದು ನಿರ್ವಹಣೆಯ ಕೊರತೆ. ಹೊಳೆದಂಡೆಯ ಅಂಗಡಿಯವರು ಸರಕನ್ನು ನೆಲಕ್ಕೆ ತಾಗಿಸದೆ ಮರದ ಪ್ಯಾಲೆಟ್ ಮೇಲಿಡಿ. ತಗ್ಗಿನ ಗೋದಾಮುಗಳಿಗೆ ಕೆಲವು ಕಂಪನಿಗಳು ಇದನ್ನೇ ಷರತ್ತಾಗಿ ಬರೆದಿರುತ್ತವೆ, ಪಾಲಿಸದಿದ್ದರೆ ಪರಿಹಾರ ಕೇಳುವ ಕ್ಲೇಮ್‌ಗೆ ತೊಡಕು. ಕಣದಲ್ಲಿ ಹರಡಿದ ಕಾಫಿ ಬಯಲಿನ ಸರಕು. ಅದಕ್ಕೂ ರಕ್ಷಣೆ ಬೇಕಿದ್ದರೆ ‘ತೆರೆದ ಜಾಗದಲ್ಲಿರುವ ಸರಕು’ ಎಂದು ಘೋಷಿಸಿ ಒಪ್ಪಿಗೆ ಪಡೆದಿರಬೇಕು. ಡ್ರೈಯರ್ ಇಟ್ಟವರು ಇನ್ನೊಂದು ಸಾಲು ಹುಡುಕಬೇಕು. ಒಣಗಿಸುವ ಅಥವಾ ಕಾಯಿಸುವ ಪ್ರಕ್ರಿಯೆಯಲ್ಲೇ ಸುಟ್ಟು ಹೋದ ಸರಕನ್ನು ಬೆಂಕಿ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಇನ್ನು ಮೊತ್ತದ ವಿಚಾರ. ಕ್ಲೇಮ್ ಹಣ ಅರ್ಧಕ್ಕೆ ಇಳಿಯುವುದು ಹೆಚ್ಚಾಗಿ ಇಲ್ಲಿಯೇ. ಪ್ರೀಮಿಯಂ ಉಳಿಸಲು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿ, ‘ಎಲ್ಲ ಒಟ್ಟಿಗೇ ಎಲ್ಲಿ ಹೋಗುತ್ತದೆ, ಅರ್ಧ ಹೋದರೆ ಅಷ್ಟು ಬಂದರೆ ಸಾಕು’ ಎಂದುಕೊಳ್ಳುವವರಿದ್ದಾರೆ. ವಿಮೆ ಹಾಗೆ ನಡೆಯುವುದಿಲ್ಲ. ಒಂದು ಗೋದಾಮಿನಲ್ಲಿ 50 ಕೆ.ಜಿ.ಯ 200 ಚೀಲ ರೋಬಸ್ಟಾ ಚೆರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ) ಇದೆ ಎನ್ನೋಣ. ಚೀಲಕ್ಕೆ 5,000 ರೂಪಾಯಿಯಂತೆ 10 ಲಕ್ಷಕ್ಕೆ ವಿಮೆ ಮಾಡಿಸಿ, ವರ್ಷವರ್ಷ ಅದನ್ನೇ ನವೀಕರಿಸಿದ್ದಾರೆ. ನಡುವೆ ಬೆಲೆ ಏರಿ ಚೀಲಕ್ಕೆ 10,000 ಆಯಿತು, ಸರಕಿನ ಮೌಲ್ಯ ಈಗ 20 ಲಕ್ಷ. ನೀರು ನುಗ್ಗಿ 60 ಚೀಲ ಹಾಳಾಯಿತು, ನಷ್ಟ 6 ಲಕ್ಷ. ವಿಮಾ ಮೊತ್ತ 10 ಲಕ್ಷವಿದೆಯಲ್ಲ, 6 ಲಕ್ಷವೂ ಬರಬೇಕು ಎಂದು ಅನಿಸುವುದು ಸಹಜ. ಬರುವುದು 3 ಲಕ್ಷ ಮಾತ್ರ, ಏಕೆಂದರೆ ಮೌಲ್ಯದ ಅರ್ಧಕ್ಕಷ್ಟೇ ವಿಮೆ ಇದ್ದುದರಿಂದ ನಷ್ಟದ ಅರ್ಧವನ್ನು ಮಾಲೀಕರೇ ಹೊರಬೇಕು. ಅದರಲ್ಲೂ ಪಾಲಿಸಿಯಲ್ಲಿ ಬರೆದ ಎಕ್ಸೆಸ್, ಅಂದರೆ ಪ್ರತಿ ಕ್ಲೇಮ್‌ನಲ್ಲೂ ಮಾಲೀಕರೇ ಭರಿಸಬೇಕಾದ ಪಾಲು, ಕಳೆಯುತ್ತದೆ.

ಸೂಕ್ಷ್ಮ ಉದ್ಯಮ ಪಾಲಿಸಿಯಲ್ಲಿ ಒಂದು ರಿಯಾಯಿತಿ ಇದೆ. ಮೊತ್ತ ಶೇ 15ರವರೆಗೆ ಕಡಿಮೆಯಿದ್ದರೆ ಈ ಕಡಿತ ಮಾಡುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 17 ಲಕ್ಷಕ್ಕೆ ವಿಮೆ ಇದ್ದಿದ್ದರೆ 6 ಲಕ್ಷದ ನಷ್ಟಕ್ಕೆ ಪೂರ್ತಿ ಲೆಕ್ಕ ಹಾಕುತ್ತಿದ್ದರು. ಕಾಫಿ, ಕರಿಮೆಣಸಿನ ಬೆಲೆ ಕಳೆದ ಕೆಲವು ವರ್ಷಗಳಲ್ಲಿ ಏರಿಳಿದ ರೀತಿಗೆ ಈ 15 ಎಲ್ಲಿಗೂ ಸಾಲದು. ಸರಕಿನ ಪ್ರಮಾಣವೂ ವರ್ಷವಿಡೀ ಒಂದೇ ಇರುವುದಿಲ್ಲ. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ, ಅದರ ಬೆನ್ನಿಗೆ ಮೆಣಸು ಬಂದು ಮಾರ್ಚ್ ಹೊತ್ತಿಗೆ ಗೋದಾಮು ತುಂಬಿರುತ್ತದೆ, ಜುಲೈನಲ್ಲಿ ಅರ್ಧ ಖಾಲಿ. ವರ್ಷದ ಸರಾಸರಿ ಬರೆಸಿದರೆ ಮಾರ್ಚ್‌ನಲ್ಲಿ ಬೆಂಕಿ ಬಿದ್ದಾಗ ಮೊತ್ತ ಸಾಲುವುದಿಲ್ಲ. ಅತಿ ಹೆಚ್ಚು ಸರಕಿರುವ ದಿನದ ಮೌಲ್ಯವನ್ನೇ ಬರೆಸಿ. ಸರಕು ಎರಡು ಮೂರು ಗೋದಾಮುಗಳ ನಡುವೆ ಓಡಾಡುತ್ತಿದ್ದರೆ ಒಂದೇ ಮೊತ್ತ ಎಲ್ಲ ಗೋದಾಮುಗಳಿಗೂ ಅನ್ವಯಿಸುವ ಫ್ಲೋಟರ್ ಪದ್ಧತಿ ಕೇಳಿ, ಎಲ್ಲ ವಿಳಾಸಗಳನ್ನೂ ಸೇರಿಸಿ. ತಿಂಗಳು ತಿಂಗಳು ಸರಕಿನ ಲೆಕ್ಕ ಕೊಡುವ ಡಿಕ್ಲರೇಷನ್ ಪದ್ಧತಿಯಲ್ಲಿ ಪ್ರೀಮಿಯಂ ಕೊನೆಯಲ್ಲಿ ಹೊಂದಾಣಿಕೆಯಾಗುತ್ತದೆ, ಆದರೆ ತಿಂಗಳ ಲೆಕ್ಕ ಕೊಡುವುದನ್ನು ಮರೆಯುವವರು ಅದರ ತಂಟೆಗೆ ಹೋಗದಿರುವುದೇ ಲೇಸು.

ಕಟ್ಟಡದ ಮೊತ್ತಕ್ಕೆ ಮಾರುಕಟ್ಟೆ ಬೆಲೆ ಹಿಡಿಯಬೇಡಿ. ಮಡಿಕೇರಿಯ ಮುಖ್ಯರಸ್ತೆಯ ಮಳಿಗೆಯ ಬೆಲೆಯಲ್ಲಿ ಬಹುಭಾಗ ಜಾಗದ್ದು, ಜಾಗಕ್ಕೆ ಬೆಂಕಿ ಹತ್ತುವುದಿಲ್ಲ. ಅದೇ ಕಟ್ಟಡವನ್ನು ಇಂದು ಮತ್ತೆ ಕಟ್ಟಲು ಎಷ್ಟು ಬೇಕು ಎಂಬುದೇ ಮೊತ್ತ. 1,000 ಚದರ ಅಡಿಗೆ ಚದರ ಅಡಿಯೊಂದಕ್ಕೆ 2,200 ರೂಪಾಯಿಯಂತೆ 22 ಲಕ್ಷ, ಮೇಲೆ ಎಂಜಿನಿಯರ್ ಶುಲ್ಕ. ಘಾಟಿಯ ಮೇಲಕ್ಕೆ ಮರಳು, ಸಿಮೆಂಟ್ ಸಾಗಿಸುವ ಖರ್ಚನ್ನು ಸ್ಥಳೀಯ ಗುತ್ತಿಗೆದಾರರನ್ನೇ ಕೇಳಿ ಸೇರಿಸಿ. ಯಂತ್ರಕ್ಕೂ ಹೊಸದರ ಇಂದಿನ ಬೆಲೆ. ಸರಕಿಗೆ ಮಾತ್ರ ಕೊಂಡ ಅಥವಾ ತಯಾರಿಸಿದ ಖರ್ಚು, ಅದರಲ್ಲಿ ಲಾಭ ಸೇರುವುದಿಲ್ಲ. ಬಾಡಿಗೆ ಮಳಿಗೆಯವರಿಗೆ ಕಟ್ಟಡದ ವಿಮೆ ಬೇಡ. ತಾವು ಹಾಕಿಸಿದ ಫಾಲ್ಸ್ ಸೀಲಿಂಗ್, ಗಾಜಿನ ಬಾಗಿಲು, ರ‍್ಯಾಕ್, ವೈರಿಂಗ್‌ಗೆ ಬೇಕು.

ಮಾಂಸದಂಗಡಿ, ಬೇಕರಿ, ಐಸ್‌ಕ್ರೀಂ, ಔಷಧ ಅಂಗಡಿಯವರಿಗೆ ಮಳೆಗಾಲದ ದೊಡ್ಡ ನಷ್ಟ ಬೆಂಕಿಯಿಂದಲ್ಲ, ಕರೆಂಟ್‌ನಿಂದ. ಕಂಬ ಬಿದ್ದು ಮೂರು ದಿನ ವಿದ್ಯುತ್ ಇಲ್ಲದೆ ಡೀಪ್ ಫ್ರೀಜರ್‌ನ ಮಾಂಸ ಕೊಳೆತರೆ ಮೂಲ ಪಾಲಿಸಿಯಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಶೀತಲ ಸರಕು ಹಾಳಾಗುವುದಕ್ಕೆ ಹೆಚ್ಚುವರಿ ರಕ್ಷಣೆ ಬೇರೆ ಕೊಳ್ಳಬೇಕು, ಅದರಲ್ಲೂ ಹೊರಗಿನ ವಿದ್ಯುತ್ ಕಡಿತ ಸೇರಿದೆಯೇ, ಎಷ್ಟು ಗಂಟೆಯ ಕಡಿತದ ನಂತರ ಅನ್ವಯ ಎಂಬುದನ್ನು ಕೇಳಿ. ವೋಲ್ಟೇಜ್ ಏರಿ ಮೋಟಾರ್ ಸುಟ್ಟರೂ ಅಷ್ಟೇ. ಆ ಮೋಟಾರ್‌ಗೆ ಹಣವಿಲ್ಲ, ಅದರಿಂದ ಹೊತ್ತಿದ ಬೆಂಕಿ ಬೇರೆ ವಸ್ತುಗಳನ್ನು ಸುಟ್ಟರೆ ಅವಕ್ಕೆ ಇದೆ. ಯಂತ್ರ ಕೆಡುವುದಕ್ಕೆ ಮೆಷಿನರಿ ಬ್ರೇಕ್‌ಡೌನ್, ಕಂಪ್ಯೂಟರ್ ಮುಂತಾದವಕ್ಕೆ ಎಲೆಕ್ಟ್ರಾನಿಕ್ ಉಪಕರಣ ವಿಮೆ ಬೇರೆ ಇವೆ. ಸಣ್ಣ ಅಂಗಡಿಗೆ ಇವೆಲ್ಲಕ್ಕಿಂತ ಒಂದು ಒಳ್ಳೆಯ ಸ್ಟೆಬಿಲೈಸರ್ ಅಗ್ಗ.

ಹೋಂಸ್ಟೇಗಳ ವಿಚಾರ ಬೇರೆಯೇ. ಮನೆಗೆ ಮಾಡಿಸುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯ ಪ್ರೀಮಿಯಂ ಕಡಿಮೆ ಎಂದು ಹೋಂಸ್ಟೇಗೂ ಅದನ್ನೇ ಮಾಡಿಸಿದವರಿದ್ದಾರೆ. ಅದು ವಾಸದ ಮನೆಗೆ. ಅತಿಥಿಗಳಿಂದ ಹಣ ಪಡೆಯುವ ಕಟ್ಟಡವೆಂದು ವಿಮೆಯ ಅರ್ಜಿಯಾದ ಪ್ರಪೋಸಲ್ ಫಾರಂನಲ್ಲಿ ಹೇಳದೆ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕಾರಕ್ಕೆ ಅದೇ ಕಾರಣ ಸಾಕು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಸಹಿತ ಹೋಂಸ್ಟೇ ಎಂದೇ ಬರೆಸಿ. ಮಳೆಗಾಲದಲ್ಲಿ ಅತಿಥಿಗಳಿಲ್ಲವೆಂದು ಬೀಗ ಹಾಕಿ ಹೋಗುವವರು ಇನ್ನೊಂದು ಷರತ್ತನ್ನು ತಿಳಿದಿರಲಿ. ಕಟ್ಟಡ ಸತತ 30 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ಬೆಂಕಿ ವಿಮೆಗಳಲ್ಲಿ ಸಾಮಾನ್ಯ. ಅಪಾಯ ಹೆಚ್ಚಿರುವ ಜುಲೈ, ಆಗಸ್ಟ್‌ನಲ್ಲೇ ವಿಮೆ ಕೈಕೊಡಬಾರದೆಂದರೆ ಮುಚ್ಚುವ ಮೊದಲು ಕಂಪನಿಗೆ ತಿಳಿಸಿ ಒಪ್ಪಿಗೆ ಪಡೆಯಿರಿ, ಕಾವಲಿಗೆ ಜನರಿದ್ದರೆ ಅದನ್ನೂ ಬರೆಯಿರಿ.

ಕಟ್ಟಡಕ್ಕಿಂತ ದೊಡ್ಡ ಹೊಣೆ ಅತಿಥಿಗಳ ಜೀವದ್ದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಒಳಗಿದ್ದವರು ಸದ್ದಿಲ್ಲದೆ ಸಾಯುತ್ತಾರೆ. ಈಜುಕೊಳ, ಕೆರೆದಂಡೆ, ಪಾಚಿಗಟ್ಟಿದ ಮೆಟ್ಟಿಲು, ಊಟದಿಂದ ಹೊಟ್ಟೆ ಕೆಡುವುದು, ಯಾವುದರಿಂದಲಾದರೂ ಪರಿಹಾರದ ಮೊಕದ್ದಮೆ ಬರಬಹುದು. ಬೆಂಕಿ ವಿಮೆ ಇದಕ್ಕೆ ಬರುವುದಿಲ್ಲ, ಹೊರಗಿನವರಿಗಾದ ಹಾನಿಯ ಹೊಣೆ ಹೊರುವ ಪಬ್ಲಿಕ್ ಲಯಬಿಲಿಟಿ ಪಾಲಿಸಿಯೇ ಬೇಕು. ಅದರಲ್ಲಿ ಒಂದು ಘಟನೆಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು ಎಂಬ ಎರಡು ಮಿತಿಗಳಿರುತ್ತವೆ. ಆಹಾರ, ಈಜುಕೊಳ ಸೇರಿವೆಯೇ ಎಂದು ನೋಡಿ. ಚಾರಣ, ರಾಫ್ಟಿಂಗ್‌ನಂಥ ಸಾಹಸ ಚಟುವಟಿಕೆಗಳು ಸಾಮಾನ್ಯವಾಗಿ ಹೊರಗಿರುತ್ತವೆ. ಬಿಳಿ ಬೋರ್ಡ್ ಜೀಪಿನಲ್ಲಿ ಹಣ ಪಡೆದು ಅತಿಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯುವುದು ವಾಹನ ವಿಮೆಯ ಷರತ್ತನ್ನೇ ಮುರಿದಂತೆ. ಖಾಸಗಿ ವಾಹನದ ಪಾಲಿಸಿ ಬಾಡಿಗೆ ಬಳಕೆಗೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಮಾಲೀಕರು ತೋಟ ಮಾರಬೇಕಾದೀತು, ಉತ್ಪ್ರೇಕ್ಷೆಯಲ್ಲ.

ಕೆಲಸದವರ ವಿಮೆಯನ್ನು ನಮ್ಮಲ್ಲಿ ತೀರಾ ಹಗುರವಾಗಿ ಕಾಣುತ್ತಾರೆ. ಕೆಲಸದ ವೇಳೆ ಕಾರ್ಮಿಕರು ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಅಂಕಿಯಿಂದ ಗುಣಿಸಿ ಪರಿಹಾರ ಕಟ್ಟುತ್ತಾರೆ. 1923ರ ಕಾಯ್ದೆಯಿಂದ ಬಂದ ಈ ಲೆಕ್ಕದಲ್ಲಿ ಕೂಲಿಯ ಮಿತಿಯನ್ನು 2020ರಲ್ಲಿ 15,000 ರೂಪಾಯಿಗೆ ಏರಿಸಲಾಯಿತು. 40 ವರ್ಷದವರಿಗೆ ಅಂಕಿ 184.17. ಅಂದರೆ 7,500ನ್ನು 184.17ರಿಂದ ಗುಣಿಸಿದರೆ 13,81,275 ರೂಪಾಯಿ. ವಯಸ್ಸು ಕಡಿಮೆಯಾದಷ್ಟೂ ಮೊತ್ತ ಹೆಚ್ಚು. ಮರ ಕಪಾತು ಮಾಡಲು, ಚಾವಣಿ ಹತ್ತಲು ಗುತ್ತಿಗೆದಾರರ ಮೂಲಕ ಬಂದವರಾದರೂ ಕೆಲಸ ಕೊಟ್ಟವರ ಹೊಣೆ ತಪ್ಪುವುದಿಲ್ಲ. ಸರ್ಕಾರದ ಕಾರ್ಮಿಕ ವಿಮಾ ಯೋಜನೆಯಾದ ಇಎಸ್‌ಐಗೆ ಒಳಪಡದ ಸಣ್ಣ ವ್ಯಾಪಾರಗಳು ಉದ್ಯೋಗಿ ಪರಿಹಾರ ವಿಮೆ ಮಾಡಿಸಲೇಬೇಕು. ಇದರ ಪ್ರೀಮಿಯಂ ವರ್ಷದ ಒಟ್ಟು ಕೂಲಿಯ ಮೇಲೆ ನಿಲ್ಲುವುದರಿಂದ ಮೂವರನ್ನು ತೋರಿಸಿ, ಸೀಸನ್‌ನಲ್ಲಿ ಹತ್ತು ಮಂದಿ ಅಸ್ಸಾಂ ಕಾರ್ಮಿಕರನ್ನು ಇಟ್ಟುಕೊಂಡರೆ ಕ್ಲೇಮ್ ಹೊತ್ತಿಗೆ ತೊಡಕಾಗುತ್ತದೆ. ಆಸ್ಪತ್ರೆ ಖರ್ಚಿನ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳಿ. ಪರಿಹಾರ ತಡಮಾಡಿದ್ದಕ್ಕೆ ಬೀಳುವ ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ.

ಕಳ್ಳತನಕ್ಕೂ ಬೇರೆ ಬರ್ಗ್ಲರಿ ಪಾಲಿಸಿ ಬೇಕು. ಮೂಲ ಪಾಲಿಸಿಯಲ್ಲಿ ಸಿಗುವುದು ಬೆಂಕಿ, ಪ್ರವಾಹದಂಥ ಘಟನೆ ನಡೆದ 7 ದಿನದೊಳಗಿನ ಕಳ್ಳತನಕ್ಕೆ ಮಾತ್ರ. ಬರ್ಗ್ಲರಿಯಲ್ಲೂ ಬೀಗ ಒಡೆದ, ಕಿಟಕಿ ಮುರಿದ ಗುರುತು ಇರಬೇಕು. ಲೆಕ್ಕದಲ್ಲಿ ಎರಡು ಚೀಲ ಮೆಣಸು ಕಡಿಮೆ ಬಂತು ಎಂಬುದಕ್ಕೆ ಹಣ ಬರುವುದಿಲ್ಲ.

ವ್ಯಾಪಾರ ನಿಂತ ದಿನಗಳ ಆದಾಯ ನಷ್ಟಕ್ಕೆ ವಿಮೆ ಸಿಗುತ್ತದೆ, ಆದರೆ ಅದು ನಿಮ್ಮದೇ ಕಟ್ಟಡಕ್ಕೆ ವಿಮೆಯಲ್ಲಿ ಸೇರಿದ ಹಾನಿ ಆದಾಗ ಮಾತ್ರ. ಸಂಪಾಜೆ ಘಾಟಿ ರಸ್ತೆ ಮುಚ್ಚಿತು, ಪ್ರವಾಸಿಗರಿಗೆ ಜಿಲ್ಲಾಡಳಿತ ನಿರ್ಬಂಧ ಹಾಕಿತು, ಕೋಣೆಗಳು ಖಾಲಿ ಬಿದ್ದವು ಎಂದರೆ ಸಾಮಾನ್ಯ ಪಾಲಿಸಿಯಿಂದ ಏನೂ ಸಿಗುವುದಿಲ್ಲ. ಅದಕ್ಕೆ ಎರಡು ಮೂರು ತಿಂಗಳ ಸಂಬಳ, ಸಾಲದ ಕಂತಿನಷ್ಟು ಹಣವನ್ನು ಬೇರೆ ಇಟ್ಟುಕೊಳ್ಳುವುದೊಂದೇ ದಾರಿ.

ಹಾನಿ ಸಂಭವಿಸಿದಾಗ ಮೊದಲ ದಿನ ಮಾಡುವ ಕೆಲಸವೇ ಕ್ಲೇಮ್‌ನ ಹಣೆಬರಹ. ಜೀವ ಸುರಕ್ಷಿತವಾದ ಕೂಡಲೇ ಕಂಪನಿಯ ಟೋಲ್‌ಫ್ರೀ ಸಂಖ್ಯೆಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ, ಇಮೇಲನ್ನೂ ಕಳಿಸಿ. ನೆಟ್‌ವರ್ಕ್ ಇಲ್ಲದ ಊರಿನವರು ಹೊರಗಿರುವ ನೆಂಟರ ಕೈಯಲ್ಲಿ ಈ ಕೆಲಸ ಮಾಡಿಸಬಹುದು, ಅದಕ್ಕೆ ಪಾಲಿಸಿಯ ಫೋಟೊ ಅವರ ಮೊಬೈಲ್‌ನಲ್ಲಿ ಮೊದಲೇ ಇರಲಿ. ನೀರಿನ ಗುರುತು ಗೋಡೆಯ ಮೇಲೆ ಎಷ್ಟು ಎತ್ತರಕ್ಕಿದೆ ಎಂಬುದನ್ನು ಅಳತೆ ಟೇಪ್ ಹಿಡಿದು ಫೋಟೊ ತೆಗೆಯಿರಿ. ಕೆಸರು ತೊಳೆಯುವ ಆತುರದಲ್ಲಿ ಹಾಳಾದ ಸರಕನ್ನು ಹೊಳೆಗೆ ಎಸೆಯಬೇಡಿ. ಒಣ ಸರಕನ್ನು ಬೇರ್ಪಡಿಸಿ ಉಳಿಸಬೇಕಾದದ್ದು ನಿಮ್ಮ ಕರ್ತವ್ಯ, ಹಾಳಾದದ್ದನ್ನು ಸರ್ವೇಯರ್ ನೋಡುವವರೆಗೆ ಇಡಬೇಕಾದದ್ದೂ ಅಷ್ಟೇ. ಕೊಳೆತು ನಾರುತ್ತಿದ್ದರೆ ಪಂಚಾಯಿತಿ ಅಥವಾ ಆರೋಗ್ಯ ಅಧಿಕಾರಿಯ ಸಮಕ್ಷಮ ಪಟ್ಟಿ ಮಾಡಿ, ಕಂಪನಿಗೆ ತಿಳಿಸಿ ವಿಲೇವಾರಿ ಮಾಡಿ. ಕಂದಾಯ ಇಲಾಖೆಯ ಮಹಜರಿನ ಪ್ರತಿ, ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ, ಕಳ್ಳತನಕ್ಕೆ ಎಫ್‌ಐಆರ್ ಬೇಕು. ಖರೀದಿ ಬಿಲ್ಲು, ಜಿಎಸ್‌ಟಿ ರಿಟರ್ನ್, ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಮೂರರಲ್ಲೂ ಅಂಕಿ ಹೊಂದಬೇಕು. ಸಾಲಕ್ಕಾಗಿ ಬ್ಯಾಂಕಿಗೆ ಹೆಚ್ಚು ಸರಕು, ತೆರಿಗೆಗಾಗಿ ಕಡಿಮೆ ಸರಕು ತೋರಿಸಿದವರ ಕ್ಲೇಮ್ ಇಲ್ಲಿ ಮುಗ್ಗರಿಸುತ್ತದೆ. ಈ ಕಾಗದಗಳೂ ಅಂಗಡಿಯ ಜೊತೆ ತೇಲಿಹೋಗದಂತೆ ಗೂಗಲ್ ಡ್ರೈವ್‌ನಲ್ಲೋ ಲೆಕ್ಕಪರಿಶೋಧಕರ ಬಳಿಯೋ ಒಂದು ಪ್ರತಿ ಇಡಿ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ ಸರ್ವೇಯರ್ ನೇಮಕ 24 ಗಂಟೆಯೊಳಗೆ, ಅವರ ವರದಿ 15 ದಿನದಲ್ಲಿ, ವರದಿ ಬಂದ 7 ದಿನದಲ್ಲಿ ಕಂಪನಿಯ ತೀರ್ಮಾನ ಆಗಬೇಕು. ಸರ್ವೇಯರ್ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ‘ಪೂರ್ಣ ಮತ್ತು ಅಂತಿಮ’ ಎಂದಿರುವ ವೋಚರ್‌ಗೆ ಒಪ್ಪಿಗೆಯಿಲ್ಲದೆ ಸಹಿ ಹಾಕಬೇಡಿ. ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ, ಏಕವ್ಯಕ್ತಿ ಮಾಲೀಕತ್ವದ ವ್ಯಾಪಾರ ಹಾಗೂ ಸೂಕ್ಷ್ಮ ಉದ್ಯಮಗಳು, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಅವರ ವ್ಯಾಪ್ತಿಯಲ್ಲಿದೆ. ಪ್ರಾಧಿಕಾರದ ಸಹಾಯವಾಣಿ 155255. ಸರ್ಕಾರದ ‘ಉದ್ಯಮ್’ ನೋಂದಣಿ ಪತ್ರ ಇದ್ದರೆ ಸೂಕ್ಷ್ಮ ಉದ್ಯಮವೆಂದು ತೋರಿಸುವುದು ಸುಲಭ. ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಜಿಲ್ಲೆಯ ಬ್ಯಾಂಕುಗಳಲ್ಲಿ ನನ್ನ ಮನವಿ ಇಷ್ಟು. ಸಾಲಗಾರರ ಖಾತೆಯಿಂದ ಪ್ರೀಮಿಯಂ ಕಡಿದ ವಾರದೊಳಗೆ ಪೂರ್ತಿ ಪಾಲಿಸಿಯನ್ನು ಅವರ ಮೊಬೈಲ್‌ಗೆ ಕಳಿಸಿ, ನವೀಕರಣಕ್ಕೆ ಮೊದಲು ವಿಳಾಸ ಹಾಗೂ ಮೊತ್ತ ಸರಿಯಿದೆಯೇ ಎಂದು ಒಂದು ಮಾತು ಕೇಳಿ. ವರ್ತಕರ ಸಂಘಗಳು, ಹೋಂಸ್ಟೇ ಸಂಘದವರು ಪ್ರತಿ ಮೇ ತಿಂಗಳಲ್ಲಿ ಕುಶಾಲನಗರ, ಗೋಣಿಕೊಪ್ಪ, ನಾಪೋಕ್ಲು, ಸೋಮವಾರಪೇಟೆಯಲ್ಲಿ ಒಂದೊಂದು ದಿನ ಕುಳಿತು, ಸದಸ್ಯರು ತಂದ ಪಾಲಿಸಿಗಳನ್ನು ತಿಳಿದವರ ಕೈಯಲ್ಲಿ ಓದಿಸಲಿ. ತಪ್ಪು ಸಿಕ್ಕರೆ ಎಂಡಾರ್ಸ್‌ಮೆಂಟ್‌ಗೆ ಅರ್ಜಿಯನ್ನು ಅಲ್ಲಿಯೇ ಬರೆಸಿ ಕಳಿಸಲಿ.

ಇತಿ,
ವಿಮಾ ವೃತ್ತಿಯಲ್ಲಿರುವ ಓದುಗರು, ಮಡಿಕೇರಿ